ಐದನೆಯ ಹೊಡೆತ ನೀವು ಹೇಳಲೇ ಇಲ್ಲ

ಉಸ್ತಾದ,

ನೀವು ಬದುಕಿದ್ದಾಗ ನಾನು ನಿಮಗೆ ಒಂದೂ ಕಾಗದ ಬರೆದವನಲ್ಲ. ಬರೆದದ್ದೆಲ್ಲ ಗುದ್ದು, ಒದೆತ, ಜಿಗಿತ. "ಬಾಜ್ ಎಡಗಡೆಯಿಂದ ಬರುತ್ತಾನೆ, ಇಬ್ಬರನ್ನು ಕೆಡವುತ್ತಾನೆ, ಮೂರನೆಯವನು ನೀರಿಗೆ" ಇಂಥವೇ. ನಾಲ್ಕನೇ ಇಯತ್ತೆಯವರೆಗೆ ಓದಿದ ಕನ್ನಡದಲ್ಲಿ ನೀವು ಬೆರಳಿಟ್ಟು ಅದನ್ನೆಲ್ಲ ಓದಿ, "ತಮ್ಮಾ, ಅಕ್ಷರ ಮುತ್ತಿನಂಗ ಅದಾವ, ಬುದ್ಧಿ ಮಾತ್ರ ಇಲ್ಲ ನೋಡು" ಅನ್ನುತ್ತಿದ್ದಿರಿ. ಬುದ್ಧಿ ಇನ್ನೂ ಬಂದಿಲ್ಲ. ಬಂದಿದ್ದರೆ ಮಣ್ಣು ಕೊಟ್ಟು ಬಂದ ಮೇಲೆ ನಿಮಗೆ ಕಾಗದ ಬರೆಯುತ್ತಾ ಕೂಡುತ್ತಿದ್ದೆನೇ? ಆದರೆ ನಮ್ಮ ಬಾಜ್‌ನ ಐದನೆಯ ಪಿಕ್ಚರು, ಕೊನೆಯದು, ಬಿಡುಗಡೆಯಾಯಿತು. ಆ ಸುದ್ದಿ ನಿಮಗೆ ಯಾರು ಹೇಳುತ್ತಾರೆ? ಅದಕ್ಕಿಂತ ಮೊದಲು, ನಿಮ್ಮ ಮಗಳು ಮೆಹರೂಗೆ ನಾನು ಕೊಟ್ಟ ಮಾತು ಏನಾಯಿತು ಎಂಬುದನ್ನೂ...

ಬೈಕುಲ್ಲಾದ ಇರಾನಿ ಹೋಟೆಲಿನಲ್ಲಿ ನಾವು ಮೊದಲು ಭೇಟಿಯಾದ ದಿನ ನೆನಪಿದೆಯೇ? ನಾನು ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟ್. ಗದಗಿನಿಂದ ಬಂದು ಆರು ವರ್ಷವಾಗಿತ್ತು, ಕುರ್ಲಾದ ಚಾಳಿನಲ್ಲಿ ಒಂದು ಖೋಲಿ, ಪತ್ರಿಕೆಗಳಿಗೆ ಕಳಿಸಿ ವಾಪಸು ಬಂದ ಕಥೆಗಳ ಒಂದು ಟ್ರಂಕು. ಪಿಕ್ಚರು ತೆಗೆಯುವ ನಮ್ಮ ಸೇಠ್ ಆಗ 'ಆಸ್ಮಾನಿ ಬಾಜ್', ಆಕಾಶದ ಗಿಡುಗ, ಅಂತ ಒಂದನ್ನು ಶುರು ಮಾಡಿದ್ದರು. ಆಕಾಶದಲ್ಲಿ ಹಾರುವ, ಗುಂಡು ತಾಗದ, ಮುಖಕ್ಕೆ ಕರಿ ಪಟ್ಟಿ ಕಟ್ಟಿದ ಶೂರನ ಕಥೆ. ಹೊಡೆದಾಟದ ಮಾಸ್ಟರ್ ನೀವು. ಹೀರೋ ಸಾಹೇಬರು ಕುರ್ಚಿಯಿಂದ ಏಳುವುದೂ ಕಷ್ಟ, ಹೀಗಾಗಿ ಪಟ್ಟಿ ಕಟ್ಟಿಕೊಂಡು ಹಾರುವವರೂ ನೀವೇ, ಬೀಳುವವರೂ ನೀವೇ. ಹಿಂದಿಯಲ್ಲಿ ಬರೆದ ಹೊಡೆದಾಟ ನಿಮಗೆ ಓದಲು ಬರುವುದಿಲ್ಲ, ಯಾರಾದರೂ ಓದಿ ಹೇಳಿದರೆ ತಲೆಯಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಸೇಠ್ ಬರೆದುಕೊಡಲು ಒಬ್ಬ ಕನ್ನಡದ ಮುನ್ಶಿಯನ್ನು, ನನ್ನನ್ನು, ಹುಡುಕಿ ತಂದರು. ಹಿಂದಿ ಪಿಕ್ಚರಿಗೆ ಕನ್ನಡದಲ್ಲಿ ಹೊಡೆದಾಟ ಬರೆದವನು ಇಡೀ ಮುಂಬಯಿಯಲ್ಲಿ ನಾನೊಬ್ಬನೇ ಇದ್ದಿರಬೇಕು.

ಆ ದಿನ ನನ್ನ ಮೊದಲ ಹಾಳೆ ಓದಿ ನೀವು ಹೋಟೆಲಿನ ಸ್ಟೂಲು ತಂದು ನನ್ನ ಮುಂದೆ ಇಟ್ಟಿರಿ. "ಹತ್ತು." ಹತ್ತಿದೆ. "ಜಿಗಿ." ಜಿಗಿದೆ, ಕಾಲು ಉಳುಕಿ "ಯವ್ವಾ" ಅಂತ ಕೂತೇಬಿಟ್ಟೆ. ಇರಾನಿ ಗಲ್ಲೆಯಿಂದ ಎದ್ದು ನೋಡಿದ. "ಇದು ಎರಡ ಫೂಟು ತಮ್ಮಾ. ನೀ ಬರದಿದ್ದು ನಾಲ್ವತ್ತು ಫೂಟು, ಕೆಳಗ ಓಡೂ ಟ್ರೇನು. ಬೀಳಾಂವ ಯಾರಂತ ಗೊತ್ತೈತೇನು?" ಅಂದಿರಿ. ಅವತ್ತಿನಿಂದ ಅದೇ ಕಾನೂನು: ನಾನು ಸ್ವತಃ ಜಿಗಿಯದೆ ಇದ್ದದ್ದನ್ನು ಬರೆಯುವ ಹಾಗಿಲ್ಲ. ನಾಲ್ವತ್ತು ಫೂಟಿಗೆ ಸ್ಟೂಲು, ಗೋಡೆ ಹಾರಲು ಟ್ರಂಕು. ಕೆಳಗಿನ ಖೋಲಿಯ ಮಾವಶಿ "ಅರೇ ಕಾನಡ್ಯಾ, ಡೋಕ್ಯಾವರ್ ಪಡ್ಶೀಲ!" ತಲೆ ಮೇಲೆ ಬೀಳ್ತೀಯೋ ಅಂತ ಬೈಯುತ್ತಿದ್ದಳು. ಅವಳಿಗೇನು ಗೊತ್ತು, ನಾನು ಮೇಲೆ ದೇಶ ಉಳಿಸುತ್ತಿದ್ದೆ.

ಚೆಂಬೂರಿನ ಸ್ಟುಡಿಯೋದಲ್ಲಿ ನೀವು ಲೆಕ್ಕ ಹಾಕುತ್ತಿದ್ದ ರೀತಿ! ಗರಡಿಯಲ್ಲಿ ಕಲಿತದ್ದಂತೆ, ನಿಮ್ಮ ಬಿಜಾಪುರದ ಕಡೆಯ ಉಸ್ತಾದರು ಹಾಗೇ ಎಣಿಸುತ್ತಿದ್ದರಂತೆ. "ಒಂದ, ಎರಡ, ಮೂರ, ನಾಕ, ಐದ." ನಾಲ್ಕು ಹೊಡೆತ, ಐದನೆಯದಕ್ಕೆ ಎದುರಿನವನು ಬೀಳುವುದು. ಯುನಿಟ್ಟಿನಲ್ಲಿ ಪಠಾಣರಿದ್ದರು, ಗೋವಾದವರಿದ್ದರು, ಕೊಲ್ಹಾಪುರದ ಪೈಲವಾನರಿದ್ದರು. ಎಲ್ಲರಿಗೂ ಐದೇ ಐದು ಕನ್ನಡ ಶಬ್ದ ಬರುತ್ತಿತ್ತು. ಆದರೆ ನಿಮಗೊಂದು ಚಟ. ಕ್ಯಾಮೆರಾ ತಿರುಗುವಾಗಲೂ ಎಣಿಸದೆ ಕೈ ಎತ್ತಲು ಬರುತ್ತಿರಲಿಲ್ಲ. ಮುಖದ ಪಟ್ಟಿ ಕಣ್ಣು ಮೂಗು ಮುಚ್ಚುತ್ತಿತ್ತೇ ಹೊರತು ಬಾಯಿ ಬಯಲೇ. ತುಟಿ ಅಲ್ಲಾಡಿದ್ದು ಕಂಡರೆ ಸೇಠ್ ಕುಣಿದಾಡುತ್ತಿದ್ದರು. "ಮಾಸ್ಟರ್, ಮೂಂಹ್ ಬಂದ್! ಯೇ ಬಾಜ್ ಹೈ ಯಾ ಪಾಠಶಾಲಾ ಕಾ ಬಚ್ಚಾ?" ನೀವು ಕಿವಿ ಹಿಡಿದುಕೊಂಡು ಮಾಫಿ ಕೇಳುತ್ತಿದ್ದಿರಿ, ಮುಂದಿನ ಶಾಟಿನಲ್ಲಿ ಮತ್ತೆ "ಒಂದ." ಹುಟ್ಟುಗುಣ ಸುಟ್ಟರೂ ಹೋಗದು. ಎಷ್ಟು ತುಂಡು ಹಾಗೆ ಕೆಟ್ಟು ಡಬ್ಬಿ ಸೇರಿದವೋ ದೇವರೇ ಬಲ್ಲ.

ಇನ್ನೊಂದು ನೆನಪು. ಕೆಡವಿದವನನ್ನು ನೀವು ಬಿದ್ದಲ್ಲೇ ಬಿಟ್ಟದ್ದನ್ನು ನಾನು ಒಮ್ಮೆಯೂ ನೋಡಿಲ್ಲ. 'ಕಟ್' ಅನ್ನುವುದೇ ತಡ, ಬಗ್ಗಿ ಅವನ ತಲೆ ಹಿಂದೆ ಕೈ ಹಾಕಿ ಎಬ್ಬಿಸಿ, "ಪೆಟ್ಟಾತೇನು ತಮ್ಮಾ?" ಅಂತ ಕೇಳುತ್ತಿದ್ದಿರಿ. ಪಠಾಣನಾದರೂ ಕನ್ನಡದಲ್ಲೇ. ಅವನು ಹಲ್ಲು ಕಿರಿದು "ನಹೀಂ ಉಸ್ತಾದ್" ಅಂದಮೇಲೆಯೇ ಚಹಾ. ನಿಮಗೆ ಪೆಟ್ಟಾಯಿತೇ ಅಂತ ಯಾರು ಕೇಳಿದರು? ನಾನು? ಇಲ್ಲ ಉಸ್ತಾದ, ನಾನೂ ಕೇಳಲಿಲ್ಲ. ನಾನು ಮುಂದಿನ ಹಾಳೆ ಹಿಡಿದು ನಿಂತಿರುತ್ತಿದ್ದೆ.

ಮೂರು ಅಂತಸ್ತಿನಿಂದ ರಟ್ಟಿನ ಪೆಟ್ಟಿಗೆಗಳ ಮೇಲೆ ಜಿಗಿದು ಎದ್ದು ಬಂದ ಮನುಷ್ಯ ಕಡೆಗೆ ಕಾಮಾಲೆಗೆ ಮಲಗಿದ. ಇದು ನ್ಯಾಯವೇ? ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ನಿಮ್ಮ ಕಣ್ಣು ಅರಿಶಿನವಾಗಿತ್ತು. ಭಾಬಿ ಕಬ್ಬಿನ ಹಾಲು ತಂದಿದ್ದರು. ಒಂಬತ್ತು ವರ್ಷದ ಮೆಹರೂ ಮಂಚದ ಕಾಲಿನ ಬಳಿ ಕೂತು ಹೋಂವರ್ಕ್ ಮಾಡುತ್ತಿದ್ದಳು. ನಾನು ಕೊನೆಯ ಪಿಕ್ಚರಿನ ಕೊನೆಯ ಹೊಡೆದಾಟ ಬರೆಯುತ್ತಾ ಓದಿ ಹೇಳುತ್ತಿದ್ದೆ. ನೀವು ಕಣ್ಣು ಮುಚ್ಚಿ, ಚಾದರದ ಮೇಲೆ ಬೆರಳು ಬಡಿಯುತ್ತಾ ಎಣಿಸುತ್ತಿದ್ದಿರಿ. ನಾಲ್ಕಕ್ಕೆ ಬಂದಾಗ ನನ್ನ ಕೈ ತಡೆದಿರಿ. "ಐದು ಬರೀಬ್ಯಾಡ. ಕೊನೀ ಹೊಡತ, ಅದು ಬ್ಯಾರೇನ ಆಗಬೇಕು. ನನ್ನ ತಲ್ಯಾಗ ಐತಿ. ನಾಳಿ ಬಾ, ಹೇಳ್ತೀನಿ." ನಾನು ಹಾಳೆಯ ಕೆಳಗೆ ಜಾಗ ಬಿಟ್ಟು ಪೆನ್ನು ಮುಚ್ಚಿದೆ.

ಹೊರಗೆ ಹೋಗುವಾಗ ಮೆಹರೂ ವರಾಂಡದ ತನಕ ಬಂದಳು. "ಕಾಕಾ, ಚಾಲ್ ಮೇಂ ಸಬ್ ಮುಝೇ ಝೂಠೀ ಬೋಲ್ತೇ ಹೈಂ" ಅಂದಳು, ಎಲ್ಲರೂ ಸುಳ್ಳಿ ಅನ್ನುತ್ತಾರೆ ಅಂತ. ಚಾಳಿನ ಹುಡುಗಿಯರು ಪೋಸ್ಟರಿನಲ್ಲಿ ಹೀರೋ ಸಾಹೇಬರ ಮುಖ ತೋರಿಸಿ ನಗುತ್ತಿದ್ದರಂತೆ. ನಿನ್ನಪ್ಪ ಬಾಜ್ ಆದರೆ ನಿನ್ನಪ್ಪನ ಮುಖ ಎಲ್ಲಿ? ಆಗ ನನಗೆ ಹೊಳೆಯಿತು, ನಿಮ್ಮ ಮನೆಯಲ್ಲಿ ನಿಮ್ಮದೊಂದು ಫೋಟೋ ಇಲ್ಲ. ನಿಕಾಹದಲ್ಲೂ ತೆಗೆಸಿರಲಿಲ್ಲವಂತೆ, ಆಮೇಲೆ "ತಗಸೋಣಂತ, ಏನ ಅವಸರ" ಅಂತ ಮುಂದೂಡಿದಿರಂತೆ. ಮೈಲುಗಟ್ಟಲೆ ಫಿಲ್ಮಿನಲ್ಲಿ ನೀವು ಹಾರಿದ್ದೀರಿ, ಮನೆಯ ಗೋಡೆಯ ಮೇಲೆ ಒಂದು ಪಾಸ್‌ಪೋರ್ಟ್ ಸೈಜಿನದೂ ಇಲ್ಲ! ನಾನು, ಬುದ್ಧಿಗೇಡಿ, ಅವಳ ತಲೆ ಮುಟ್ಟಿ ಹೇಳಿದೆ: "ಈ ಪಿಕ್ಚರ್‌ನ್ಯಾಗ ಬಾಜ್ ಪಟ್ಟಿ ಬಿಚ್ಚತಾನ. ನಿಮ್ಮಪ್ಪನ ಮುಖ ಪಡದೆ ತುಂಬ ಬರ್ತೈತಿ. ಬರಿಯಾಂವ ನಾನಽ ಅಲ್ಲೇನು?" ಅವಳಿಗೆ ಅರ್ಧ ಕನ್ನಡ ಅರ್ಥವಾಗಿರಬೇಕು. ಪೂರ್ತಿ ನಂಬಿದಳು.

ಮರುದಿನ ಆಫೀಸು ಬಿಟ್ಟಮೇಲೆ ಆಸ್ಪತ್ರೆಗೆ ಬಂದೆ. ನಿಮ್ಮ ಮಂಚದ ಮೇಲೆ ಬೇರೆ ಯಾರೋ ಮಲಗಿದ್ದರು.

ನಿಮ್ಮ ಮಣ್ಣಿನ ದಿನ ಯುನಿಟ್ಟಿನ ಅಷ್ಟೂ ಜನ ಹೆಗಲು ಕೊಟ್ಟರು. ಕೊಲ್ಹಾಪುರದ ಪೈಲವಾನನೊಬ್ಬ ನಡೆಯುತ್ತಾ ಮೆಲ್ಲಗೆ "ಒಂದ, ಎರಡ" ಅನ್ನುತ್ತಿದ್ದ, ಹೆಜ್ಜೆ ಕೂಡಲಿ ಅಂತ. ಯಾರೂ ಅವನನ್ನು ತಡೆಯಲಿಲ್ಲ. ನಾನು ಹಿಂದೆ ಹಿಂದೆ ನಡೆದೆ, ಜೇಬಿನಲ್ಲಿ ಅರ್ಧ ಬರೆದ ಆ ಹಾಳೆ ಇಟ್ಟುಕೊಂಡು. ಯಾಕೆ ತಂದಿದ್ದೆನೋ, ನೀವು ಎದ್ದು ಹೇಳುತ್ತೀರಿ ಅಂತಲೇ?

ಆಮೇಲೆ ಸೇಠ್ ಕರೆದರು. ಪಿಕ್ಚರು ಮುಕ್ಕಾಲು ಭಾಗ ಆಗಿತ್ತು, ಕೊನೆಯ ಹೊಡೆದಾಟ ಬಾಕಿ. ಹೊಸ ಮಾಸ್ಟರ್ ತರೋಣವೆಂದರೆ ಕಚ್ಚಾ ಫಿಲ್ಮೇ ಇಲ್ಲ, ಹೊರದೇಶದಿಂದ ಬರುವ ಮಾಲು, ಪರವಾನಗಿ ಸಿಕ್ಕವನಿಗೆ ಸಿಕ್ಕಷ್ಟು. ಉಳಿದದ್ದು ಹೀರೋ ಸಾಹೇಬರ ಮಾತಿನ ದೃಶ್ಯಕ್ಕೇ ಸಾಲದು. ಸೇಠ್ ಒಂದು ಉಪಾಯ ಹೇಳಿದರು. ಹಳೆಯ ನಾಲ್ಕು ಪಿಕ್ಚರಿನಲ್ಲಿ ಕೆಟ್ಟಿತೆಂದು ಎಸೆದ ತುಂಡುಗಳು ಎಡಿಟಿಂಗ್ ರೂಮಿನ ಡಬ್ಬಿಗಳಲ್ಲಿವೆ. ಅವನ್ನೇ ಜೋಡಿಸಿ ಕೊನೆಯ ಹೊಡೆದಾಟ ಮಾಡುವುದು. "ಮುನ್ಶೀಜಿ, ಪಹಲೇ ತುಕಡೇ ದೇಖೋ, ಬಾದ್ ಮೇಂ ಸೀನ್ ಲಿಖೋ." ಅಂದರೆ ತುಂಡು ಮೊದಲು, ಬರವಣಿಗೆ ಆಮೇಲೆ. ಹಳೆಯ ತುಂಡುಗಳಲ್ಲಿ ನಿಮ್ಮ ಕೈಲಿ ಹೊಡೆತ ತಿಂದವರೆಲ್ಲ ಮುಖಕ್ಕೆ ಕರಿ ಬಟ್ಟೆ ಸುತ್ತಿದ ಗೂಂಡಾಗಳು. ಹೀಗಾಗಿ ಖಳನಾಯಕನೂ ವೇಷ ಮರೆಸಿ ಕರಿ ಬಟ್ಟೆ ಸುತ್ತಿಕೊಂಡ ಅಂತ ಒಂದು ಸಾಲು ಸೇರಿಸಿದೆ. ಅಷ್ಟು ಬುದ್ಧಿ ನನಗೂ ಇದೆ ನೋಡಿ.

ಎಡಿಟರ್ ಶಿಂಧೆಯ ರೂಮಿನಲ್ಲಿ ಹನ್ನೊಂದು ದಿನ ಕೂತೆ, ಆಫೀಸಿಗೆ ಮೈ ಸರಿಯಿಲ್ಲವೆಂದು ಚೀಟಿ ಕಳಿಸಿ. ಅದು ಸುಳ್ಳೂ ಅಲ್ಲ. ಶಿಂಧೆ ಒಂದೊಂದೇ ಡಬ್ಬಿ ತೆಗೆದು ಸಣ್ಣ ಗಾಜಿನ ಮೇಲೆ ಓಡಿಸುತ್ತಿದ್ದ. ನೀವು ಬರುತ್ತಿದ್ದಿರಿ. ಕರಿ ಬಟ್ಟೆ ಹೊದಿಸಿದ ಸ್ಟೂಲಿನ ಮೇಲೆ ಬೋರಲು ಮಲಗಿ, ಎದುರಿಗೆ ಟೇಬಲ್ ಫ್ಯಾನಿಟ್ಟು, ಪರದೆಯ ಬಟ್ಟೆಯಿಂದ ಹೊಲಿದ ಹಸಿರು ರೆಕ್ಕೆ ಪಟಪಟ ಅನ್ನಿಸುತ್ತಾ ಮೋಡದಲ್ಲಿ ಹಾರುತ್ತಿದ್ದಿರಿ. ಒಂದರಲ್ಲಿ ಹಾರುತ್ತಲೇ ಸೀನಿದಿರಿ. ಶಿಂಧೆ ನಕ್ಕ. ನಾನೂ ನಕ್ಕೆ, ಆಮೇಲೆ ಕರ್ಚೀಫು ಹುಡುಕಿದೆ. ಸತ್ತವರನ್ನು ಹೀಗೆ ಹಿಂದೆ ಮುಂದೆ ಓಡಿಸಬಾರದು ಉಸ್ತಾದ. ಜಿಗಿದವರು ಮತ್ತೆ ಮೇಲಕ್ಕೆ ಹೋಗುತ್ತೀರಿ, ಬಿದ್ದವರು ಏಳುತ್ತೀರಿ, ಆಸ್ಪತ್ರೆ ಮಾತ್ರ ಹಿಂದಕ್ಕೆ ಓಡುವುದಿಲ್ಲ.

ನಾನು ಹುಡುಕುತ್ತಿದ್ದದ್ದು ಒಂದೇ. ಎಲ್ಲಾದರೂ ಒಂದು ತುಂಡಿನಲ್ಲಿ ಪಟ್ಟಿ ಜಾರಿರಬೇಕು, ಎಲ್ಲಾದರೂ ನೀವು ಬೆವರೊರೆಸಲು ಅದನ್ನು ಎತ್ತಿರಬೇಕು, ಮುಖ ಕಂಡಿರಬೇಕು. ನಾಲ್ಕು ಪಿಕ್ಚರು, ಅಷ್ಟೂ ಡಬ್ಬಿ. ಇಲ್ಲ! ನೀವು ಮನೆಯಿಂದಲೇ ಗಂಟು ಬಿಗಿದುಕೊಂಡು ಬರುತ್ತಿದ್ದಿರಲ್ಲ. "ಯುನಿಟ್ಟಿನ ಹುಡುಗ್ರು ನನ್ನ ಮುಖ ನೋಡಿದ್ರ ಹೆದರೂದಿಲ್ಲ, ಬಾಜ್‌ನ ನೋಡಿದ್ರ ಹೆದರತಾರ" ಅನ್ನುತ್ತಿದ್ದಿರಿ. ಆ ದರಿದ್ರ ಗಂಟು! ಒಮ್ಮೆಯಾದರೂ ಸಡಿಲ ಕಟ್ಟಬಾರದಿತ್ತೇ?

ಕಡೆಗೆ ಸೇಠ್ ಬಳಿ ಹೋದೆ. ಬಾಜ್ ಪಟ್ಟಿ ಬಿಚ್ಚುವ ದೃಶ್ಯ ಬರೆದಿದ್ದೆನಲ್ಲ, ಅಲ್ಲಿ ಗೋಡೆಯ ಮೇಲೆ ಮಾಸ್ಟರರ ಒಂದು ಚಿತ್ರವಾದರೂ ಬರೆಸಿ ಇಡೋಣ, ಬಾಜ್‌ನ ಗುರು ಅಂತ ಹೇಳೋಣ ಅಂತ ಬೇಡಿಕೊಂಡೆ. ಸೇಠ್ ಕೆಟ್ಟವರಲ್ಲ, ಭಾಬಿಗೆ ಸಾಮಾನು ಕಳಿಸಿದವರೇ. ಆದರೆ ಅವರಿಗೆ ನನ್ನ ಮಾತು ಅರ್ಥವೇ ಆಗಲಿಲ್ಲ. "ಅರೇ ಭಾಯಿ, ಮಾಸ್ಕ್ ಉತರೇಗಾ ತೋ ಹೀರೋ ಕಾ ಚೆಹರಾ ದಿಖೇಗಾ. ಡುಪ್ಲಿಕೇಟ್ ಕೋ ಕೌನ್ ಪಹಚಾನ್ತಾ ಹೈ?" ಪಟ್ಟಿ ಬಿಚ್ಚಿದರೆ ಕಾಣುವುದು ಹೀರೋ ಮುಖ, ಡುಪ್ಲಿಕೇಟನ್ನು ಯಾರು ಗುರುತಿಸುತ್ತಾರೆ ಅಂತ. ಡುಪ್ಲಿಕೇಟ್! ಮೇಜು ಎತ್ತಿ ಎಸೆಯಬೇಕು ಅನ್ನಿಸಿತು. ನನ್ನ ಹಾಳೆಗಳಲ್ಲಿ ಎಷ್ಟು ಮೇಜು ಎಸೆದಿಲ್ಲ ನಾನು? ಅವತ್ತು "ಹಾಂಜಿ" ಅಂದು ಹಾಳೆ ಮಡಚಿಕೊಂಡು ಬಂದೆ. ಕುರ್ಲಾ ಬಂದದ್ದು ಗೊತ್ತಾಗದೆ ಲೋಕಲ್ಲಿನಲ್ಲಿ ಮುಂದೆ ಹೋಗಿಬಿಟ್ಟಿದ್ದೆ.

ಉಳಿದದ್ದು ಐದನೆಯ ಹೊಡೆತ. ನಾಲ್ಕರ ತನಕ ತುಂಡು ಜೋಡಿಸಿ ಆಗಿತ್ತು. ಐದಕ್ಕೆ ಏನು ಬರೆಯಲಿ? ಖೋಲಿಯಲ್ಲಿ ಸ್ಟೂಲು ಹತ್ತಿದೆ, ಇಳಿದೆ, ಗಾಳಿಗೆ ಗುದ್ದಿದೆ. ಬೇರೇನೇ ಆಗಬೇಕು ಅಂದಿದ್ದಿರಿ. ಬೇರೆ ಅಂದರೆ ಏನು? ಒದೆತವೇ? ಎತ್ತಿ ಒಗೆಯುವುದೇ? ಒಂದು ಮಾತು, ಒಂದೇ ಮಾತು ಹೇಳಿ ಹೋಗಬಾರದಿತ್ತೇ? ಕೈಲಾಗದವನು ಮೈ ಪರಚಿಕೊಂಡ ಹಾಗೆ ಹನ್ನೆರಡು ಸಲ ಬರೆದು ಹರಿದೆ.

ಶಿಂಧೆಯೇ ತೋರಿಸಿದ, ಅವನಿಗೆ ಗೊತ್ತಿಲ್ಲದೆ. ತುಂಡಿನ ಬಾಲ ಕತ್ತರಿಸಲು ಹೊರಟಿದ್ದ. "ಕಟ್" ಅಂದಮೇಲೂ ಕ್ಯಾಮೆರಾ ಒಂದಿಷ್ಟು ತಿರುಗಿರುತ್ತದಲ್ಲ, ಅದು. ಗಾಜಿನಲ್ಲಿ ನೀವು ಬಗ್ಗಿದಿರಿ, ಬಿದ್ದವನ ತಲೆ ಹಿಂದೆ ಕೈ ಹಾಕಿದಿರಿ, ಎಬ್ಬಿಸಿದಿರಿ. ತುಟಿ ಅಲ್ಲಾಡಿತು. "ಕಾಪೂ ನಕಾ!" ಕತ್ತರಿಸಬೇಡಿ ಅಂತ ನಾನು ಚೀರಿದ್ದಕ್ಕೆ ಅವನ ಕೈಯಿಂದ ಕತ್ತರಿ ಬಿತ್ತು. ನಿಮ್ಮ ತಲೆಯಲ್ಲಿ ಇದ್ದದ್ದು ಅದೇ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ಇರಲಾರದು. ನೀವು ಯಾವುದೋ ಭಾರಿ ಪಟ್ಟು ಯೋಚಿಸಿದ್ದಿರಬಹುದು. ಆದರೆ ನನ್ನ ಕೈಲಿದ್ದದ್ದು ಅಷ್ಟೇ. ಹಾಳೆಯ ಖಾಲಿ ಜಾಗದಲ್ಲಿ ಬರೆದೆ: "ಐದು: ಹೊಡೆಯುವುದಿಲ್ಲ. ಎಬ್ಬಿಸುತ್ತಾನೆ." ಸೇಠ್‌ಗೆ ಅದೂ ಒಪ್ಪಿಗೆಯಾಯಿತು. ಮೇಲೆ ಹೀರೋ ಸಾಹೇಬರ ದನಿ ಕೂಡಿಸಿದರಾಯಿತು, ತುಟಿ ಅಲ್ಲಾಡಿದ್ದು ಈಗ ಒಳ್ಳೆಯದೇ ಆಯಿತು ಅಂದರು.

ಕುರ್ಲಾದ ಟಾಕೀಸಿನಲ್ಲಿ ಮ್ಯಾಟಿನಿಗೆ ಭಾಬಿಯನ್ನೂ ಮೆಹರೂನನ್ನೂ ಕರೆದುಕೊಂಡು ಹೋದೆ. ಬರಬೇಡಿ ಅನ್ನಲು ಮೂರು ಸಲ ಬೈಕುಲ್ಲಾದ ನಿಮ್ಮ ಮನೆಗೆ ಹೋಗಿದ್ದೆ, ಮೂರು ಸಲವೂ ಚಹಾ ಕುಡಿದು ಬಂದೆ. ಮೆಹರೂ ಈದಿನ ಗುಲಾಬಿ ಫ್ರಾಕು ಹಾಕಿದ್ದಳು. ಇಂಟರ್ವಲ್ ಆದಮೇಲೆ ಬಾಜ್ ನಾಯಕಿಯ ಎದುರು ಪಟ್ಟಿ ಬಿಚ್ಚಿದ. ಹೀರೋ ಸಾಹೇಬರು. ಟಾಕೀಸು ಸೀಟಿ ಹೊಡೆಯಿತು. ಮೆಹರೂ ನನ್ನ ತೋಳು ಹಿಡಿದಿದ್ದ ಕೈ ತೆಗೆದಳು. "ಕಾಕಾ, ಯೇ ತೋ ಕೋಯಿ ಔರ್ ಹೈ." "ಹೌದವ್ವಾ, ಬ್ಯಾರೆಯವರು" ಅಂದೆ. ಅವಳು ಅಳಲಿಲ್ಲ. ತನ್ನ ಬೂಟು ನೋಡುತ್ತಾ ಕೂತಳು. ಅವಳು ನನ್ನನ್ನು ಒಂದು ಹೊಡೆದಿದ್ದರೆ ಚೆನ್ನಾಗಿತ್ತು. ಭಾಬಿ ಬುರ್ಖಾದ ಒಳಗಿನಿಂದ, "ಜಾನೇ ದೋ ಭಾಯಿ, ಆಪ್ ಕ್ಯಾ ಕರತೇ" ಅಂದರು. ನೀವೇನು ಮಾಡಲಾಗುತ್ತಿತ್ತು ಅಂತ. ಅದೇ ತಾನೇ ಉಸ್ತಾದ, ನನ್ನ ಇಡೀ ಚರಿತ್ರೆ.

ಖಳನಾಯಕ ಕರಿ ಬಟ್ಟೆ ಸುತ್ತಿಕೊಂಡ. ಬಾಜ್ ಪಟ್ಟಿ ಬಿಗಿದುಕೊಂಡು ಮೇಲಿನಿಂದ ಜಿಗಿದ. ಆ ಜಿಗಿತ ನಿಮ್ಮದು, ನನಗೆ ಗೊತ್ತು. ಮೆಹರೂ ತಲೆ ಎತ್ತಲಿಲ್ಲ. ಮೊದಲ ಹೊಡೆತ ಬಿತ್ತು. ಎರಡನೆಯದಕ್ಕೆ ಪಕ್ಕದಿಂದ ಸಣ್ಣ ದನಿ ಕೇಳಿಸಿತು. ಅವಳು ಪಡದೆ ನೋಡುತ್ತಿದ್ದಳು, ಪಡದೆಯ ಮೇಲಿನ ಬಾಯಿಯನ್ನು. "ಎರಡ," ಅಂದಳು. "ಮೂರ." ನೀವು ಅವಳನ್ನು ತೊಡೆಯ ಮೇಲೆ ಕೂಡಿಸಿಕೊಂಡು ಹಾಗೇ ಎಣಿಸಲು ಕಲಿಸಿದ್ದಿರಂತೆ, ಭಾಬಿ ಆಮೇಲೆ ಹೇಳಿದರು. "ನಾಕ!" ಈಗ ಜೋರಾಗಿ. ಮುಂದಿನ ಸಾಲಿನವನು ತಿರುಗಿ "ಚುಪ್" ಅಂದ. ಯಾರು ಕೇಳುತ್ತಾರೆ? ಎಣಿಸುವ ಆ ಬಾಯಿಗೆ ಬೆರಳು ತೋರಿಸುತ್ತಾ ಅವಳು ಎದ್ದೇ ನಿಂತಿದ್ದಳು. "ಅಮ್ಮೀ, ಅಬ್ಬಾ! ಅಬ್ಬಾ ಗಿನ್ ರಹೇ ಹೈಂ!"

ಐದಕ್ಕೆ ನೀವು ಹೊಡೆಯಲಿಲ್ಲ. ಬಗ್ಗಿದಿರಿ, ತಲೆ ಹಿಂದೆ ಕೈ ಹಾಕಿದಿರಿ. "ಉಠ್ ಕಮೀನೇ! ಕಾನೂನ್ ತೇರಾ ಇಂತಜಾರ್ ಕರ್ ರಹಾ ಹೈ!" ಏಳು ನೀಚಾ, ಕಾನೂನು ನಿನಗೆ ಕಾಯುತ್ತಿದೆ ಅಂತ ಹೀರೋ ಸಾಹೇಬರ ದನಿ ಟಾಕೀಸಿನಲ್ಲಿ ಗುಡುಗಿತು, ಜನ ಚಪ್ಪಾಳೆ ತಟ್ಟಿದರು. ಮೆಹರೂ ಮಾತ್ರ ತಲೆ ಅಲ್ಲಾಡಿಸಿದಳು. ತುಟಿಗೂ ಮಾತಿಗೂ ಹೊಂದಿಕೆಯಿಲ್ಲವೆಂದು ಅವಳಿಗೆ ತಿಳಿದಿತ್ತು. ನನ್ನ ಕಡೆ ತಿರುಗಿ, ತಡವರಿಸುತ್ತಾ, ನನ್ನ ಸಲುವಾಗಿಯೇ ಕನ್ನಡದಲ್ಲಿ ಕೇಳಿದಳು: "ಕಾಕಾ, ಅಬ್ಬಾ... ಏನ ಅಂತಾರ?"

"ಪೆಟ್ಟಾತೇನು ಅಂತ ಕೇಳಾಕತ್ತಾರವ್ವಾ."

ಅವಳು ಮುಂದಿನ ಸೀಟಿನ ಬೆನ್ನು ಹಿಡಿದು ನಿಮ್ಮನ್ನೇ ನೋಡಿದಳು. ಆಮೇಲೆ ಆ ಗದ್ದಲದಲ್ಲಿ, ನಿಮಗೆ ಮಾತ್ರ ಕೇಳುವಷ್ಟು ಮೆಲ್ಲಗೆ, "ಇಲ್ಲ ಅಬ್ಬಾ, ಇಲ್ಲ" ಅಂದಳು.

ಈ ಸುದ್ದಿ ಹೇಳಲೆಂದೇ ಕೂತದ್ದು. ಮುಖ ತೋರಿಸಲು ನನ್ನಿಂದ ಆಗಲಿಲ್ಲ. ಶಿಂಧೆ ಆ ಬಾಲದ ಉಳಿದ ತುಂಡು ಕೊಟ್ಟಿದ್ದಾನೆ. ಮೆಹರೂ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಚಾಳಿನ ಹುಡುಗಿಯರಿಗೆ ತೋರಿಸುತ್ತಾಳೆ, ಪಟ್ಟಿಯ ಕೆಳಗಿನ ಬಾಯಿ ನಮ್ಮಪ್ಪನದು ಅಂತ. ಕೆಲವರು ನಂಬುತ್ತಾರೆ, ಕೆಲವರು ಇಲ್ಲ. ಅವಳಿಗೆ ಐದರ ಮುಂದೆ ಕನ್ನಡದಲ್ಲಿ ಎಣಿಸಲು ಬರುವುದಿಲ್ಲ. ರವಿವಾರ ರವಿವಾರ ಹೋಗಿ ನಾನು ಕಲಿಸುತ್ತೇನೆ, ಇದೊಂದು ಮಾತು ತಪ್ಪುವುದಿಲ್ಲ.

ಅವಳು ಇಲ್ಲ ಅಂದಳು, ಮಗು. ನೀವು ಕೇಳಿದ್ದು ನನ್ನನ್ನೂ ಅಂತ ತಿಳಿದುಕೊಂಡರೆ, ನಿಮಗೆ ಸುಳ್ಳು ಹೇಳಲಾರೆ. ಪೆಟ್ಟಾಗೇತಿ ಉಸ್ತಾದ. ಭಾಳ ಆಗೇತಿ.

ನಿಮ್ಮ ತಮ್ಮ,
ಗುರುಪಾದ